ಖಾಲಿ ಮಕ್ಕರಿಗೆ ಕಟ್ಟಿದ ನೂಲು

ತೆರೆದಿಟ್ಟದ್ದನ್ನೂ ಕಾಯುವವನೇ, ಮುಚ್ಚಿಟ್ಟದ್ದರ ಒಳಗೂ ಕೂತಿರುವವನೇ, ನಿನಗೆ ಶರಣು. ಮೊಗ್ಗು ಅರಳುವ ಮೊದಲೇ ಅದಕ್ಕೆ ಹೊದಿಕೆ ಹೊದಿಸಿದವನೇ, ಎಳನೀರು ತುಂಬುವ ಮೊದಲೇ ಅದರ ಸುತ್ತ ಚಿಪ್ಪು ಕಟ್ಟಿದವನೇ, ಮಗು ಮೂಡುವ ಮೊದಲೇ ಅದಕ್ಕೊಂದು ಬೆಚ್ಚನೆಯ ಕತ್ತಲೆ ಮಾಡಿಟ್ಟವನೇ, ನಿನಗೆ ಶರಣು. ನಾನು ಹೇಳಹೊರಟ ಕಥೆಯಲ್ಲಿ ಕಹಿ ಹೆಚ್ಚು. ಕೇಳುವವರ ಹೊಟ್ಟೆಗೆ ಅದು ಮದ್ದಾಗಿ ಇಳಿಯಲಿ, ವಿಷವಾಗದಿರಲಿ ಎಂದು ಬೇಡಿಕೊಂಡು ಶುರುಮಾಡುತ್ತೇನೆ.

ಒಂದು ಕಮರಿ. ಕಮರಿಯ ಆಚೆಗೊಂದು ಊರು, ಈಚೆಗೊಂದು ಊರು. ಇಳಿದು ಹತ್ತಿ ಹೋಗುವವರು ಹೋಗಬಹುದು. ಆದರೆ ಹೊರಟಾಗ ನೆಟ್ಟ ಬಳ್ಳಿ ಮರಳಿ ಬರುವಷ್ಟರಲ್ಲಿ ಕಾಯಿ ಬಿಟ್ಟಿರುತ್ತದೆ, ಅಷ್ಟು ದೂರ. ಅದಕ್ಕೆ ಕಮರಿಯ ಮೇಲೆ ಒಂದು ಹಗ್ಗ ಎಳೆದಿದ್ದರು. ಹಗ್ಗಕ್ಕೆ ಒಂದು ಬುಟ್ಟಿ. ಬುಟ್ಟಿ ಎಷ್ಟು ಚಿಕ್ಕದೆಂದರೆ ಒಂದು ತೆಂಗಿನಕಾಯಿ ಇಟ್ಟರೆ ಇನ್ನೊಂದಕ್ಕೆ ಜಾಗವಿಲ್ಲ. ಹಾಗಾಗಿ ಆಚೆಯಿಂದ ಏನು ಬರಬೇಕಾದರೂ ಚೂರು ಚೂರಾಗಿಯೇ ಬರಬೇಕು. ತೊಟ್ಟಿಲು ಬಂದರೆ ಮೊದಲು ಅದರ ಕಾಲು, ಆಮೇಲೆ ಪಟ್ಟಿ, ಆಮೇಲೆ ಸರಪಳಿ. ರಾಗಿ ಬಂದರೆ ಬೊಗಸೆ ಬೊಗಸೆ.

ಈಚೆ ಊರಿನ ಅಂಚಿನಲ್ಲಿ ಕಲ್ಲಿನ ಕಟ್ಟೆ ಇತ್ತು, ಇಳಿಕಟ್ಟೆ ಎನ್ನುತ್ತಿದ್ದರು. ಯಾರಿಗೆ ಏನು ಬರುವುದಿದ್ದರೂ ಅವರ ಹೆಸರಿನ ಮಕ್ಕರಿ, ಅಂದರೆ ದೊಡ್ಡ ಬಿದಿರು ಬುಟ್ಟಿ, ಅಲ್ಲಿ ಬಾಯಿ ತೆರೆದುಕೊಂಡು ಕೂತಿರುತ್ತಿತ್ತು. ರಾಟೆಯವನು ಕಮರಿಯ ಕಡೆ ಮುಖ ಮಾಡಿ ನಿಂತು ಹಗ್ಗ ಎಳೆಯುವನು. ಬಂದ ಚೂರನ್ನು ಹಿಂದೆ ತಿರುಗದೆ, ಬೆನ್ನ ಹಿಂದಕ್ಕೆ ಕೈ ಚಾಚಿ ಮಕ್ಕರಿಗೆ ಹಾಕುವನು. ಕೊನೆಯ ಚೂರು ಬಂದ ಮೇಲೆ ಆಚೆ ಊರಿನವರು ಗಂಟೆ ಹೊಡೆಯುವರು. ಆಗ ನೂಲಮ್ಮ ಕಟ್ಟೆ ಹತ್ತಿ ಮಕ್ಕರಿಯ ಬಾಯಿ ಮುಚ್ಚಿ ನೂಲು ಕಟ್ಟುವಳು. ಕೆಂಪು ನೂಲಾದರೆ ಒಡೆಯ ಒಬ್ಬನೇ ಬಿಚ್ಚಬೇಕು. ಹಸಿರಾದರೆ ಆ ಮನೆಯವರು ಯಾರಾದರೂ ಬಿಚ್ಚಬಹುದು. ಬಿಳಿಯಾದರೆ ದಾರಿಹೋಕನೂ ಬಿಚ್ಚಬಹುದು.

ಆ ಊರಲ್ಲಿ ಪರರ ನೂಲು ಬಿಚ್ಚಿದವರಿಲ್ಲ. ನೂಲು ಕಟ್ಟಿದ ಮಕ್ಕರಿಯನ್ನು ಸಂತೆಯ ನಡುವೆ ಇಟ್ಟು ಮಲಗಿದರೂ ಅದು ಹಾಗೇ ಇರುತ್ತಿತ್ತು. ಇದು ಅವರ ಹೆಮ್ಮೆ.

ಇನ್ನು ಅವರ ಕಟ್ಟಳೆ ಕೇಳಿ. ಪೂರ್ತಿ ಬಾರದ್ದು ಬಂದೇ ಇಲ್ಲ. ಗಂಟೆ ಹೊಡೆಯುವ ತನಕ ಮಕ್ಕರಿಯಲ್ಲಿರುವುದು ವಸ್ತುವಲ್ಲ. ಅದಕ್ಕೆ ಹೆಸರಿಲ್ಲ, ಒಡೆಯನಿಲ್ಲ, ಅದನ್ನು ನೋಡಬಾರದು. ಇಳಿಕಟ್ಟೆಯ ಪಕ್ಕ ಹಾದು ಹೋಗುವವರು ಮುಖ ಆಚೆ ತಿರುಗಿಸಿಕೊಂಡು ಹೋಗುವರು. ಮಕ್ಕಳಿಗೆ ನಡೆಯಲು ಕಲಿಸುವಾಗಲೇ ಮುಖ ತಿರುಗಿಸಲೂ ಕಲಿಸುವರು. ದೇವರು ಇನ್ನೂ ಕೊಡುತ್ತಿರುವಾಗ ಅವನ ಕೈಯನ್ನು ದಿಟ್ಟಿಸಬಾರದು ಎಂಬುದು ಅದರ ಹಿಂದಿನ ಭಾವ. ಒಳ್ಳೆಯ ಭಾವವೇ. ಆದರೆ ಒಳ್ಳೆಯ ಭಾವದ ನೆರಳಲ್ಲಿ ಏನು ಬೇಕಾದರೂ ಬಂದು ಕೂರಬಹುದಲ್ಲವೇ.

ನೂಲಮ್ಮ ವಯಸ್ಸಾದವಳು. ಅವಳ ಅತ್ತೆಯಿಂದ ಅವಳಿಗೆ, ಅತ್ತೆಗೆ ಅವಳ ಅತ್ತೆಯಿಂದ ನೂಲು ಬಂದಿತ್ತು. ಅವಳು ಬೀದಿಯಲ್ಲಿ ಬಂದರೆ ಕೂತವರು ಏಳುತ್ತಿದ್ದರು. ಮಗ ರಾಟೆಯವನು, ಮಾತು ಕಡಿಮೆ. ಸೊಸೆ ಆಚೆ ಊರಿನವಳು. ಕಮರಿ ಇಳಿದು ಹತ್ತಿ ಬಂದವಳು. ಮಾತು ಜಾಸ್ತಿ.

ಬಂದ ಹೊಸದರಲ್ಲೇ ಸೊಸೆ ಅಂಗಳದಲ್ಲಿ ನೂಲಿಗೆ ಬಣ್ಣ ಹಾಕುತ್ತಾ ಕೇಳಿದಳು. "ಅತ್ತೆ, ನೂಲು ಮೊದಲೇ ಕಟ್ಟಿಡಬಾರದಾ?"

"ಮೊದಲೇ ಅಂದ್ರೆ?"

"ಚೂರು ಬರೋಕೆ ಮುಂಚೆ. ನಮ್ಮೂರಲ್ಲಿ ಖಾಲಿ ಮಕ್ಕರಿಗೇ ಕಟ್ಟಿಡ್ತಾರೆ. ಒಂದೊಂದು ಚೂರು ಬಂದಾಗಲೂ ಒಡೆಯನೇ ಬಿಚ್ಚಿ, ಒಳಗಿಟ್ಟು, ಮತ್ತೆ ಕಟ್ಟೋದು."

ನೂಲಮ್ಮ ನಕ್ಕಳು. "ಖಾಲಿ ಮಕ್ಕರಿಗೆ ನೂಲಾ? ಯಾಕೆ, ನಿಮ್ಮೂರಲ್ಲಿ ಗಾಳಿ ಕದಿಯೋರು ಇದ್ದಾರಾ?"

"ಗಾಳಿ ಅಲ್ಲ ಅತ್ತೆ. ಬಂದದ್ದು ಬಂದ ಹಾಗೆ ಬಾಯಿ ತೆರಕೊಂಡು ಕೂತಿರುತ್ತಲ್ಲ. ಬೆಳಗಿಂದ ಸಂಜೆ ತನಕ. ಯಾರಾದ್ರೂ ಕೈ ಹಾಕಿದ್ರೆ?"

"ಯಾರೇ ಹಾಕ್ತಾರೆ? ಇಲ್ಲದ್ದಕ್ಕೆ ಕೈ ಹಾಕೋದು ಹೇಗೆ?" ನೂಲಮ್ಮನ ನಗೆ ಆರಿತ್ತು. "ನಿಮ್ಮೂರಲ್ಲಿ ಕಳ್ಳರಿದ್ದಾರೆ ಅಂತ ನಮ್ಮೂರಿಗೆ ಬೀಗ ಹುಡುಕಬೇಡ. ಕೈ ಆಡಿಸು, ಬಣ್ಣ ಕೆಳಗೆ ಕೂರುತ್ತೆ."

ಇಷ್ಟಕ್ಕೇ ಮುಗಿದಿದ್ದರೆ ಅತ್ತೆ ಸೊಸೆಯರ ಮಾತಾಗಿ ಹೋಗುತ್ತಿತ್ತು. ಆದರೆ ಆ ಊರಲ್ಲಿ ಕಣಿ ಹೇಳುವ ಅಜ್ಜನೊಬ್ಬನಿದ್ದ. ಬಿಳಿ ಗಡ್ಡ, ಮೆಲುದನಿ, ಯಾವತ್ತೂ ಇಳಿಕಟ್ಟೆಯ ಮೇಲೆ ಮಕ್ಕರಿಗಳ ನಡುವೆ ಕಣ್ಣು ಮುಚ್ಚಿ ಕೂತು ಜಪ ಮಾಡುವವನು. ಯಾರ ಕಣ್ಣೂ ಬೀಳದ ಜಾಗವೇ ಜಪಕ್ಕೆ ಒಳ್ಳೆಯದು ಎನ್ನುತ್ತಿದ್ದ. ಸಂಜೆ ಕಟ್ಟೆ ಇಳಿದು ಬಂದು ಹೇಳುತ್ತಿದ್ದ: ಕುಂಬಾರನ ಮನೆಗೆ ನೀಲಿ ಬಟ್ಟೆ ಬರುತ್ತೆ. ವಿಧವೆಯ ಮನೆಗೆ ಬಳೆ ಬರುತ್ತೆ, ಅವಳಿಗೆ ಮರುಮದುವೆಯ ಯೋಗ. ಗಂಟೆ ಹೊಡೆದು, ನೂಲು ಬಿಚ್ಚಿ ನೋಡಿದರೆ ನೀಲಿ ಬಟ್ಟೆಯೇ ಇರುತ್ತಿತ್ತು, ಬಳೆಯೇ ಇರುತ್ತಿತ್ತು. ಊರು ಕೈ ಮುಗಿಯುತ್ತಿತ್ತು. ಅವನ ಮಾತು ಕೇಳದೆ ಯಾರೂ ಮನೆಗೆ ಹೊಸಲು ಇಡುತ್ತಿರಲಿಲ್ಲ, ಮಗಳನ್ನು ಕೊಡುತ್ತಿರಲಿಲ್ಲ. ನೂಲಮ್ಮನೂ ಪ್ರತಿ ಹಬ್ಬಕ್ಕೆ ಮೊದಲ ಎಡೆ ಅವನಿಗೇ ಕಳಿಸುತ್ತಿದ್ದಳು.

ಸೊಸೆಗೆ ಹೆಣ್ಣು ಮಗುವಾದ ಮೇಲೆ ಒಂದು ದಿನ ಬಾವಿಕಟ್ಟೆಯಲ್ಲಿ ಹೆಂಗಸರೆಲ್ಲ ಸೇರಿದ್ದಾಗ ಅಜ್ಜ ಹಾದು ಹೋದ. ಸೊಸೆ ಕೊಡ ಇಳಿಸಿ ಕೇಳಿಯೇಬಿಟ್ಟಳು.

"ಅಜ್ಜ, ಒಂದು ಸಂಶಯ. ಹಗ್ಗದಲ್ಲಿ ಬರೋದೆಲ್ಲ ನಿಮಗೆ ಕಾಣುತ್ತೆ. ಮೊನ್ನೆ ನಮ್ಮೂರಿಂದ ನಡೆದು ಬಂದ ನನ್ನ ತಮ್ಮ ಗಂಟು ಕಟ್ಟಿಕೊಂಡು ಬಂದನಲ್ಲ, ಅದರಲ್ಲಿ ಏನಿತ್ತು ಹೇಳಿ ನೋಡೋಣ?"

ಅಜ್ಜ ನಿಂತ. ನಕ್ಕ. "ತಾಯಿ, ದೇವರು ತೋರಿಸಿದ್ದು ಕಾಣುತ್ತೆ."

"ದೇವರು ಬಾಯಿ ತೆರೆದ ಮಕ್ಕರಿಯಲ್ಲಿ ಮಾತ್ರ ತೋರಿಸ್ತಾನೆ, ಅಲ್ವಾ?"

ಹೆಂಗಸರ ಕೈಯಲ್ಲಿ ಹಗ್ಗಗಳು ನಿಂತವು. ಒಬ್ಬಳು, "ಇವಳ ನಾಲಿಗೆಗೆ ಕೆಂಪು ನೂಲು ಕಟ್ಟಬೇಕು" ಅಂದಳು. ಎಲ್ಲರೂ ನಕ್ಕರು, ಆದರೆ ಅದು ನಗೆಯಾಗಿರಲಿಲ್ಲ. ಅಜ್ಜ ಮಾತ್ರ ಶಾಂತವಾಗಿ ಸೊಸೆಯ ಕಂಕುಳಲ್ಲಿದ್ದ ಹಸುಗೂಸನ್ನು ನೋಡಿದ. "ಪಾಪ, ಈ ಮಗುವಿಗೆ ಒಂದು ಕಂಟಕ ಇದೆ" ಅಂದು ಹೊರಟುಹೋದ.

ಮನೆಯಲ್ಲಿ ನೂಲಮ್ಮ ಸೊಸೆಯನ್ನು ತರಾಟೆಗೆ ತೆಗೆದುಕೊಂಡಳು. "ಏನಂತ ತಿಳಿದಿದ್ದೀಯ? ಆ ದೊಡ್ಡವರಿಗೆ ಎದುರಾಡೋಷ್ಟು ಆಯ್ತಾ? ನಾಳೆ ಹೋಗಿ ಕಾಲಿಗೆ ಬೀಳು."

"ಬೀಳಲ್ಲ ಅತ್ತೆ."

"ಹಾಗಾದ್ರೆ ಈ ಮನೇಲಿ ನನ್ನ ಜೊತೆ ಮಾತಾಡಬೇಡ."

ಮಾತು ನಿಂತಿತು. ಬೀದಿಯಲ್ಲೂ ನಿಂತಿತು. ಸೊಸೆ ನೀರಿಗೆ ಹೋದರೆ ಬಾವಿಕಟ್ಟೆ ಖಾಲಿಯಾಗುತ್ತಿತ್ತು. ಅವಳ ಹೊಸಲ ಮೇಲೆ ಯಾರೋ ಬೂದಿ ಸುರಿದು ಹೋಗುತ್ತಿದ್ದರು. ಅವಳು ಗುಡಿಸುತ್ತಿದ್ದಳು.

ಆಮೇಲೆ ಮಗುವಿಗೆ ಜ್ವರ ಬಂತು. ಹಣೆ ಮುಟ್ಟಿದರೆ ಕಾದ ಹಂಚು. ಈಚೆ ಊರಿನ ಸೊಪ್ಪು ಸದೆ ಯಾವುದೂ ನಾಟಲಿಲ್ಲ. ಆಚೆ ಊರಿನ ವೈದ್ಯನಿಗೆ ರಾಟೆಯವನು ಕೂಗಿ ಹೇಳಿದ. ವೈದ್ಯ ಕೂಗಿ ಉತ್ತರ ಕೊಟ್ಟ: ಮದ್ದು ಕಳಿಸುತ್ತೇನೆ, ಎಲ್ಲ ಒಟ್ಟಿಗೆ ಕುದಿಸಬೇಕು, ಒಂದು ಬೇರು ತಪ್ಪಿದರೂ ಅದು ಬರೀ ಕಹಿನೀರು. ಇಡೀ ದಿನ ಬೇರು, ತೊಗಟೆ, ಕಾಯಿ ಬಂದವು. ಗಂಟೆ ಹೊಡೆಯಿತು. ನೂಲಮ್ಮ ಕೆಂಪು ನೂಲು ಕಟ್ಟಿದಳು. ಅಜ್ಜ ಕಟ್ಟೆ ಇಳಿಯುತ್ತಾ ಹೇಳಿದ: "ಈ ಮದ್ದು ಹತ್ತೋದಿಲ್ಲ ನೂಲಮ್ಮ. ಸೊಸೆ ಬಂದು ಶರಣು ಅಂದ್ರೆ ಮುಂದಿನದು ಹತ್ತಬಹುದು."

ಮದ್ದು ಹತ್ತಲಿಲ್ಲ.

"ನೋಡಿದ್ಯಾ?" ಎಂದು ನೂಲಮ್ಮ ಇಷ್ಟು ದಿನದ ಮೌನ ಮುರಿದು ಸೊಸೆಗೆ ಹೇಳಿದಳು. "ಅವರು ಅಂದ ಹಾಗೇ ಆಯ್ತು."

ಸೊಸೆ ಮಗುವಿನ ಎದೆಗೆ ಒದ್ದೆ ಬಟ್ಟೆ ಹಾಕುತ್ತಿದ್ದಳು. ತಲೆ ಎತ್ತಲಿಲ್ಲ. "ಕಷಾಯ ಕಪ್ಪಗಾಗಬೇಕಿತ್ತು ಅತ್ತೆ. ನಮ್ಮಮ್ಮ ನನಗೇ ಎಷ್ಟೋ ಸಲ ಕುಡಿಸಿದ್ದಾಳೆ. ಇದು ಹಳದಿಯಾಗೇ ಉಳೀತು. ಕರಿಬೇರು ಇರಲಿಲ್ಲ. ವೈದ್ಯರು ಕಳಿಸದೆ ಇರೋರಲ್ಲ." ಬಟ್ಟೆ ಹಿಂಡಿ ಮತ್ತೆ ಹಾಕುತ್ತಾ ಹೇಳಿದಳು: "ನಾನು ಕಾಲಿಗೆ ಬೀಳ್ತೀನಿ. ಮಗು ಉಳೀಲಿ. ಆದ್ರೆ ಯಾರ ಕಾಲಿಗೆ ಬೀಳ್ತಾ ಇದ್ದೀನಿ ಅಂತ ನೀವು ಒಂದು ಸಲ ಕಣ್ಣಾರೆ ನೋಡಿ."

ನೋಡಿ ಎಂಬ ಮಾತು ನೂಲಮ್ಮನಿಗೆ ಬೈಗುಳದಂತೆ ತಾಗಿತು. ಬಾರದ್ದನ್ನು ನೋಡುವುದೇ! ಇಷ್ಟು ವಯಸ್ಸಿನ ತನಕ ಆ ಕಣ್ಣು ಒಂದು ಸಲವೂ ಆ ಕಡೆ ಹೊರಳಿದ್ದಿಲ್ಲ.

ವೈದ್ಯ ಮತ್ತೆ ಮದ್ದು ಕಳಿಸಿದ. ಇದೇ ಕೊನೆ, ಬೇರು ಮುಗಿಯಿತು, ಮತ್ತೆ ಅಗೆಯಲು ಮಳೆ ಬರಬೇಕು ಎಂದು ಕೂಗಿದ. ನೂಲಮ್ಮ ಕಟ್ಟೆಯ ಕೆಳಗೆ, ಮುಖ ಊರ ಕಡೆ ಮಾಡಿ ಕೂತಳು. ಮೇಲೆ ರಾಟೆ ಕಿರ್ ಎನ್ನುತ್ತಿತ್ತು. ಚೂರು ಬಿದ್ದ ಸದ್ದು. ಮತ್ತೆ ಕಿರ್. ಮತ್ತೆ ಚೂರು. ಅವಳು ದೇವರ ಹೆಸರು ಹಿಡಿದು ಕೂತಿದ್ದಳು. ಹಾಗೆ ಕೂತಿರುವಾಗ ಒಂದು ಸದ್ದು ಕೇಳಿಸಿತು. ಚೂರು ಬೀಳುವ ಸದ್ದಲ್ಲ, ಚೂರು ಏಳುವ ಸದ್ದು. ಮಕ್ಕರಿಯೊಳಗೆ ಬೆರಳುಗಳು ತರಗೆಲೆಯ ಹಾಗೆ ಆಡುವ ಸದ್ದು.

ಆ ಸದ್ದು ಅವಳಿಗೆ ಹೊಸದಲ್ಲ. ಅದರಿಂದಲೇ ಭಯವಾಯಿತು ಅವಳಿಗೆ. ಎಷ್ಟೋ ಕಾಲದಿಂದ ಆ ಸದ್ದು ಕೇಳುತ್ತಲೇ ಬಂದಿದ್ದಳು. ಜಪಮಣಿಯ ಸದ್ದು ಎಂದುಕೊಂಡಿದ್ದಳು.

ಕೇಳುವವರೇ, ದೇವರು ಕಣ್ಣು ಕೊಟ್ಟದ್ದು ಮುಚ್ಚುವುದಕ್ಕೂ ಹೌದು, ತೆರೆಯುವುದಕ್ಕೂ ಹೌದು. ನೂಲಮ್ಮ ತಿರುಗಿದಳು.

ಅಜ್ಜನ ಕೈ ಮೊಳಕೈ ತನಕ ಮಗುವಿನ ಮಕ್ಕರಿಯಲ್ಲಿತ್ತು. ಹೊರಗೆ ಬಂದಾಗ ಮುಷ್ಟಿಯಲ್ಲಿ ಕರಿಬೇರು. ಅವನು ಅವಳನ್ನು ಕಂಡ. ಬೆಚ್ಚಲಿಲ್ಲ.

"ನೋಡ್ತಾ ಇದ್ದೀಯಾ ನೂಲಮ್ಮ?" ಅಂದ, ಅದೇ ಮೆಲುದನಿಯಲ್ಲಿ. "ನೋಡಿದೆ ಅಂತ ಯಾರಿಗೆ ಹೇಳ್ತೀಯಾ? ಹೇಳಿದ ಕೂಡಲೇ ನಿನ್ನ ನೂಲು ಹೋಯ್ತು."

ಅವಳು ಕಟ್ಟೆ ಹತ್ತಿ ಒಂದು ಕೈಯಲ್ಲಿ ಮಕ್ಕರಿಯ ಬಾಯಿ ಮುಚ್ಚಿದಳು, ಇನ್ನೊಂದು ಕೈಯಲ್ಲಿ ಅವನ ಮಣಿಕಟ್ಟು ಹಿಡಿದಳು. ಆಮೇಲೆ ಊರನ್ನು ಕೂಗಿದಳು.

ಊರು ಬಂತು. ಬಂದು, ಇಳಿಕಟ್ಟೆಗೆ ಬೆನ್ನು ಹಾಕಿ ನಿಂತಿತು, ಏಕೆಂದರೆ ಗಂಟೆ ಇನ್ನೂ ಹೊಡೆದಿರಲಿಲ್ಲ. ಊರ ಯಜಮಾನನೂ ಬೆನ್ನು ಹಾಕಿಯೇ ನಿಂತ. ಹೀಗೆ ಬೆನ್ನುಗಳ ಮುಂದೆ ನ್ಯಾಯ ಶುರುವಾಯಿತು.

"ಏನಾಯ್ತು ನೂಲಮ್ಮ?" ಯಜಮಾನ ಆಕಾಶಕ್ಕೆ ಕೇಳಿದ.

"ಮಗುವಿನ ಮದ್ದಿನಿಂದ ಈ ಅಜ್ಜ ಬೇರು ತೆಗೆದಿದ್ದಾರೆ. ಅವರ ಮುಷ್ಟೀಲಿ ಇದೆ. ಹಿಂದಿನ ಸಲವೂ ಇವರೇ ತೆಗೆದಿರಬೇಕು. ತಿರುಗಿ ನೋಡಿ."

ಯಾರೂ ತಿರುಗಲಿಲ್ಲ.

"ಗಂಟೆ ಹೊಡೆದಿತ್ತಾ?"

"ಇಲ್ಲ."

"ಹಾಗಾದ್ರೆ ಮದ್ದು ಬಂದಿರಲಿಲ್ಲ. ಬಾರದ ಮದ್ದಿನಿಂದ ಬೇರು ತೆಗೆಯೋದು ಹೇಗೆ ತಾಯಿ?"

"ಹೇಗೆ ಅಂತ ನಾನು ಕಣ್ಣಾರೆ ನೋಡಿದೆ."

ಬೆನ್ನುಗಳಲ್ಲಿ ಒಂದು ಅಲೆ ಎದ್ದಿತು. ಅಜ್ಜ ಮೆಲ್ಲಗೆ ಕೆಮ್ಮಿದ. "ಬಿಡ್ರಪ್ಪಾ. ಮೊಮ್ಮಗಳ ಚಿಂತೇಲಿ ಕಣ್ಣು ಏನೇನೋ ತೋರಿಸುತ್ತೆ. ನನಗೇನೂ ಬೇಜಾರಿಲ್ಲ."

"ನೋಡಿದ್ರಿ ಅಂತೀರಲ್ಲ ನೂಲಮ್ಮ," ಒಂದು ಹೆಣ್ಣುದನಿ ಎದ್ದಿತು. "ಇದೇ ಮೊದಲ ಸಲಾನಾ? ನನ್ನ ಮಗಳ ಸೀರೆಗೆ ಒಂದು ಗೊಂಡೆ ಕಮ್ಮಿ ಬಂದಿತ್ತು. ಈಗ ಗೊತ್ತಾಯ್ತು."

"ನಮ್ಮ ಬೆಲ್ಲದಲ್ಲಿ ಒಂದು ಉಂಡೆ ಕಮ್ಮಿ ಇತ್ತು."

"ದಿನಾ ಕಟ್ಟೆ ಹತ್ರ ಕೂರೋಳು ಇವಳೇ ತಾನೇ."

"ಸೊಸೆ ಬಂದಾಗಿಂದ ಆ ಮನೆಗೆ ಆಚೆ ಊರಿನ ಗಾಳಿ ಹೊಕ್ಕಿದೆ."

ಒಂದು ಕಲ್ಲು ಹಿಮ್ಮುಖವಾಗಿ ತೂರಿ ಬಂತು. ಎಸೆದವನು ತಿರುಗಿ ನೋಡದೆ ಎಸೆದಿದ್ದ. ಆದರೂ ಅದು ನೂಲಮ್ಮನ ಹಣೆಗೇ ತಾಗಿತು. ಮಕ್ಕರಿಯ ಮೇಲಿನ ಕೈ ಅವಳು ತೆಗೆಯಲಿಲ್ಲ.

ಯಜಮಾನ ಕೈ ಎತ್ತಿ ಸದ್ದಡಗಿಸಿದ. ಅವನಿಗೆ ಅವಳ ಮೇಲೆ ಗೌರವವಿತ್ತು. "ನೂಲಮ್ಮ, ನೋಡ್ಲಿಲ್ಲ ಅಂದುಬಿಡಿ. ಕಣ್ಣಿಗೆ ಕತ್ತಲೆ ಬಂತು ಅನ್ನಿ. ನಾವೆಲ್ಲ ಮನೆಗೆ ಹೋಗ್ತೀವಿ. ನೂಲು ನಿಮ್ಮ ಕೈಯಲ್ಲೇ ಇರುತ್ತೆ, ನಿಮ್ಮ ಅತ್ತೆ ಕೈಲಿ ಇದ್ದ ಹಾಗೆ."

ಅವಳು ಮಗನ ಕಡೆ ನೋಡಿದಳು. ರಾಟೆಯವನು ಕಮರಿಯ ಕಡೆ ಮುಖ ಮಾಡಿ ಹಗ್ಗ ಎಳೆಯುತ್ತಲೇ ಇದ್ದ. ಅವನು ತಿರುಗಲಿಲ್ಲ. ಇನ್ನೂ ಕೆಲವು ಚೂರು ಬರಬೇಕಿತ್ತು. ನೋಡಲಿಲ್ಲ ಎಂದರೆ ಅವಳು ಕೆಳಗಿಳಿಯಬೇಕು, ಮುಖ ತಿರುಗಿಸಬೇಕು, ಗಂಟೆಯ ತನಕ ಕಾಯಬೇಕು. ಅಜ್ಜ ಇಲ್ಲೇ ಕೂತಿರುತ್ತಾನೆ. ಮಕ್ಕರಿಯ ಬಾಯಿ ತೆರೆದಿರುತ್ತದೆ.

"ನೋಡಿದೆ" ಅಂದಳು ನೂಲಮ್ಮ. "ಅದೂ ಅಲ್ಲದೆ, ಇಷ್ಟು ದಿನ ನೋಡದೇ ಇದ್ದದ್ದು ನನ್ನ ತಪ್ಪು."

ಹೀಗೆಂದು ಅವಳು ಅಜ್ಜನ ಮುಷ್ಟಿಗೆ ಎರಡೂ ಕೈ ಹಾಕಿದಳು. ಇಬ್ಬರು ಮುದುಕರು ಕಟ್ಟೆಯ ಮೇಲೆ ಗುದ್ದಾಡಿದರು. ಊರಿಗೆ ಊರೇ ಬೆನ್ನು ಹಾಕಿ ನಿಂತು ಅವರ ಏದುಸಿರು ಕೇಳಿಸಿಕೊಂಡಿತು. ಗಡ್ಡ ಹರಿದ ಸದ್ದು, ಬಳೆ ಒಡೆದ ಸದ್ದು ಕೇಳಿಸಿಕೊಂಡಿತು. ಒಂದೊಂದೇ ಬೆರಳು ಬಿಡಿಸಿ ಅವಳು ಬೇರನ್ನು ಕಿತ್ತುಕೊಂಡಳು, ಮಕ್ಕರಿಗೆ ಹಾಕಿದಳು. ಆಮೇಲೆ ಸೊಂಟದಿಂದ ಕೆಂಪು ನೂಲು ತೆಗೆದು, ಗಂಟೆಗೆ ಕಾಯದೆ, ಆ ಅರ್ಧ ತುಂಬಿದ ಮಕ್ಕರಿಗೆ ಕಟ್ಟಿದಳು. ಪ್ರತಿ ಚೂರಿಗೂ ಬಿಚ್ಚಿದಳು, ಒಳಗಿಟ್ಟಳು, ಮತ್ತೆ ಕಟ್ಟಿದಳು. ಗಂಟೆ ಹೊಡೆದಾಗ ಮಕ್ಕರಿಯ ಬಾಯಿ ಆಗಲೇ ಮುಚ್ಚಿತ್ತು. ಅವಳ ಹಣೆಯ ರಕ್ತ ನೂಲಿಗೆ ತಾಗಿ ಎರಡೂ ಒಂದೇ ಬಣ್ಣವಾಗಿತ್ತು.

ಗಂಟೆ ಹೊಡೆದದ್ದರಿಂದ ಈಗ ಊರು ತಿರುಗಬಹುದಿತ್ತು. ತಿರುಗಿತು. ಮಕ್ಕರಿಯನ್ನು ನೋಡಿತು. ಅವಳನ್ನು ನೋಡಲಿಲ್ಲ.

ಯಜಮಾನ ತೀರ್ಪು ಹೇಳಿದ. ಬಾರದ್ದನ್ನು ನೋಡಿದವಳು ತಾನೇ ಬಾರದವಳಾದಳು. ಇನ್ನು ಅವಳಿಗೆ ಹೆಸರಿಲ್ಲ, ಮನೆಯಿಲ್ಲ, ಅವಳನ್ನು ಯಾರೂ ನೋಡಬಾರದು. ಅವಳು ಬಾರದ ವಸ್ತುಗಳ ಜೊತೆ ಇಳಿಕಟ್ಟೆಯ ಮೇಲೇ ಇರಲಿ. ನೂಲು ಮಾತ್ರ ಮನೆ ಬಿಟ್ಟು ಹೋಗುವಂತಿಲ್ಲ, ಅದು ಸೊಸೆಗೆ.

ಮದ್ದನ್ನು ಸೊಸೆ ಕುದಿಸಿದಳು. ಅದು ಕಪ್ಪಗಾಯಿತು. ಮಗುವಿನ ಮೈ ಬೆವರಿತು, ಕಣ್ಣು ತೆರೆಯಿತು, ಹಾಲಿಗೆ ಬಾಯಿ ಹಾಕಿತು. ಊರು ಅಜ್ಜನಿಗೆ ಕೈ ಮುಗಿಯಿತು: ಅಷ್ಟು ಅವಮಾನ ನುಂಗಿಯೂ ಮಗುವಿನ ಕಂಟಕ ತೆಗೆದರಲ್ಲ, ಎಂಥ ದೊಡ್ಡವರು.

ಹೀಗೆ ನೂಲಮ್ಮ ಕಟ್ಟೆಯ ಮೇಲೆ ಉಳಿದಳು. ಬಿಸಿಲು ಅವಳನ್ನು ನೋಡಿತು, ಮಳೆ ನೋಡಿತು, ಮನುಷ್ಯರು ನೋಡಲಿಲ್ಲ. ಮಗ ಬೆನ್ನ ಹಿಂದಕ್ಕೆ ಕೈ ಚಾಚಿ ಚೂರು ಹಾಕುವಾಗ ಒಮ್ಮೊಮ್ಮೆ ಅವಳ ಮಡಿಲಿಗೂ ಏನೋ ಬೀಳುತ್ತಿತ್ತು, ಒಂದು ರೊಟ್ಟಿ, ಒಂದು ಬಾಳೆಹಣ್ಣು. ಅವನು ತಿರುಗುತ್ತಿರಲಿಲ್ಲ. ಅವಳು ಕೂಗಿ ಕರೆಯುತ್ತಿರಲಿಲ್ಲ.

ಗುದ್ದಾಟದಲ್ಲಾದ ಗಾಯ ಮಾದ ಮೇಲೆ ಅಜ್ಜ ಜಪಮಣಿ ಹಿಡಿದು ಮತ್ತೆ ಕಟ್ಟೆ ಹತ್ತಿದ. ಮಕ್ಕರಿಗಳ ನಡುವೆ ಕೂತ. ಅತ್ತಿತ್ತ ನೋಡಿ ಒಂದು ಮಕ್ಕರಿಗೆ ಕೈ ಚಾಚಿದ. ಎದುರಿಗೆ ಎರಡು ಕಣ್ಣು. ಮಿಟುಕಿಸದ ಕಣ್ಣು. ಅವನು ಕೈ ಹಿಂದಕ್ಕೆ ತೆಗೆದ. ಇನ್ನೊಂದು ಕಡೆ ಹೋಗಿ ಕೂತ. ಅವಳೂ ಎದ್ದು ಬಂದು ಎದುರು ಕೂತಳು.

"ಹೋಗಾಚೆ" ಅಂದ ಹಲ್ಲು ಕಚ್ಚಿ.

"ಯಾರಿಗೆ ಹೇಳ್ತಾ ಇದ್ದೀರಿ ಅಜ್ಜ?" ಅಂದಳು. "ಇಲ್ಲಿ ಯಾರೂ ಇಲ್ಲವಲ್ಲ. ಇದ್ದಾರೆ ಅಂತಾದ್ರೆ ಕೆಳಗಿಳಿದು ಊರಿಗೆ ಹೇಳಿ. ಕಟ್ಟೆ ಮೇಲೆ ಕೂತಿರೋಳನ್ನ ನೋಡಿದೆ ಅನ್ನಿ."

ಅವನು ಜಪಮಣಿ ಎಣಿಸತೊಡಗಿದ. ನೋಡಿದೆ ಎಂಬ ಮಾತಿನ ಬೆಲೆ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಅಂದಿನಿಂದ ಅವನಿಗೆ ಏನೂ ಕಾಣಲಿಲ್ಲ. ಕುಂಬಾರನಿಗೆ ಬಟ್ಟೆ ಎಂದ, ಬಂದದ್ದು ಕೊಡಲಿ. ಮದುವೆ ಎಂದ ಮನೆಗೆ ಬಂದದ್ದು ಬರೀ ಉಪ್ಪು. ದೇವರು ಊರಿನ ಮೇಲೆ ಮುನಿದಿದ್ದಾನೆ ಎಂದ. ಊರು ನಂಬಿತು. ಆ ಬಾರದವಳ ದೆಸೆಯಿಂದಲೇ ಮುನಿಸು ಎಂದು ಕಟ್ಟೆಯ ಕಡೆ, ನೋಡದೆ, ಉಗಿಯಿತು. ಅದೇ ಊರಿನ ಸೀರೆಗಳಿಗೆ ಗೊಂಡೆ ಪೂರ್ತಿ ಬರತೊಡಗಿತ್ತು, ಬೆಲ್ಲದ ಉಂಡೆಗಳು ಪೂರ್ತಿ ಬರತೊಡಗಿದ್ದವು. ಯಾಕೆಂದು ಯಾರೂ ಕೇಳಲಿಲ್ಲ.

ಮಗು ಅಂಬೆಗಾಲು ಇಡುವಷ್ಟಾಯಿತು. ಒಂದು ಬೆಳಿಗ್ಗೆ, ಹಗ್ಗ ಇನ್ನೂ ಅಲುಗಾಡದ ಹೊತ್ತಲ್ಲಿ, ಸೊಸೆ ಮಗುವನ್ನೆತ್ತಿಕೊಂಡು ಕಟ್ಟೆ ಹತ್ತಿದಳು. ಸೊಂಟದಲ್ಲಿ ನೂಲಿನ ಉಂಡೆ. ಅತ್ತೆಯ ಕಡೆ ನೋಡಲಿಲ್ಲ, ಮಾತಾಡಿಸಲಿಲ್ಲ. ಕಟ್ಟೆಯ ಕೆಳಗೆ ಮುಖ ತಿರುಗಿಸಿಕೊಂಡೇ ಹೋಗುವವರಿಗೂ ಕಿವಿ ಇತ್ತು. ಮಗುವನ್ನು ಇಳಿಸಿ, ಒಂದು ಖಾಲಿ ಮಕ್ಕರಿಯ ಬಾಯಿ ಮುಚ್ಚಿ ನೂಲು ಕಟ್ಟಿದಳು. ಪಕ್ಕದ ಖಾಲಿ ಮಕ್ಕರಿಗೂ ಕಟ್ಟಿದಳು. ಅದರ ಪಕ್ಕದ್ದಕ್ಕೂ.

"ಏನಮ್ಮಾ," ಕೆಳಗಿನಿಂದ ಯಾರೋ ಸದ್ದು ಕೇಳಿ ಸಿಡುಕಿದರು, "ಏನೂ ಇಲ್ಲದ್ದಕ್ಕೆ ಏನು ಕಟ್ತಾ ಇದ್ದೀಯ?"

ಸೊಸೆ ಗಂಟು ಬಿಗಿಯುತ್ತಾ ಕಮರಿಯ ಕಡೆ ಮುಖ ಮಾಡಿ, ಎಲ್ಲರಿಗೂ ಕೇಳುವಂತೆ ಹೇಳಿದಳು. "ನಮ್ಮೂರಲ್ಲಿ ಗಾಳಿ ಕದಿಯೋರು ಇದ್ದಾರಂತೆ. ನಮ್ಮತ್ತೆ ಹೇಳಿದ್ರು."

ಕಟ್ಟೆಯ ಮೇಲೆ, ಯಾರೂ ಇಲ್ಲದ ಜಾಗದಲ್ಲಿ, ಒಂದು ನಗೆ ಕೇಳಿಸಿತು. ಮುಖ ತಿರುಗಿಸುವುದನ್ನು ಇನ್ನೂ ಕಲಿಯದ ಮಗು ಆ ಕಡೆ ನೋಡಿತು. ನೋಡಿ, ಕೈ ಚಾಚಿ, ತೆವಳಿಕೊಂಡು ಹೋಗಿ ಆ ಮಡಿಲು ಹತ್ತಿತು.

ಇದಿಷ್ಟು ಕಥೆ. ಇದನ್ನು ಕೇಳಿದ ನಿಮ್ಮ ಮನೆಗೆ ಬರುವುದೆಲ್ಲ ಪೂರ್ತಿಯಾಗಿ ಬರಲಿ; ಬರುವ ದಾರಿಯಲ್ಲೂ ಅದಕ್ಕೊಂದು ಕಾವಲಿರಲಿ. ಬಾಯಿ ತೆರೆದದ್ದನ್ನು ತೋರಿಸಿಕೊಟ್ಟವರ ಮೇಲೆ ನಿಮ್ಮ ಕೈಯಿಂದ ಕಲ್ಲು ಹಾರದಿರಲಿ. ನಿಮ್ಮ ಕಣ್ಣಿಗೆ ದೇವರು ತಿರುಗುವ ಧೈರ್ಯ ಕೊಡಲಿ, ನಿಮ್ಮ ಮಕ್ಕಳಿಗೆ ಹತ್ತುವುದಕ್ಕೊಂದು ಮಡಿಲು ಕೊಡಲಿ. ಕೇಳಿದವರಿಗೂ, ಕೇಳದೆ ಬೆನ್ನು ಹಾಕಿ ನಿಂತವರಿಗೂ ಒಳ್ಳೆಯದಾಗಲಿ.